ಮಗುವಿನ ಹೆಸರಿಗೆ ಬೇರೆ ಸ್ಪೆಲಿಂಗ್ ಇಡುವ ಮುನ್ನ

ಕಲಬುರಗಿಯಲ್ಲಿ ಓಣಿಗೊಬ್ಬ ಶರಣಬಸಪ್ಪ ಇರುವುದರಿಂದ, ಮಗನಿಗೆ ಹೆಸರು ಅದೇ ಇರಲಿ, ಇಂಗ್ಲಿಷ್ ಸ್ಪೆಲಿಂಗ್ ಮಾತ್ರ ಬೇರೆಯಾಗಲಿ ಎಂದು ಬಯಸುವುದು ಸಹಜವೇ. ಮೊದಲು ಹೆಸರನ್ನು ಕನ್ನಡದಲ್ಲಿ ಬರೆದು ನಿಶ್ಚಯಿಸಿ, ಬಳಿಕ ಇಂಗ್ಲಿಷಿನಲ್ಲಿ ಒಂದು ಅಕ್ಷರವನ್ನಷ್ಟೇ ಬದಲಿಸಿ. ‘ಶರಣ’ದ ಕೊನೆಯ ‘ಎ’ ಬಿಟ್ಟರೆ ಓದು ಕೆಡುವುದಿಲ್ಲ, ಆದರೆ ‘ಬಿ’ಯ ಮುಂದೆ ‘ಎಚ್’ ಸೇರಿಸಿದರೆ ಬಸಪ್ಪ ‘ಭಸಪ್ಪ’ನಾಗುತ್ತಾನೆ. ಹೊಸಬರೊಬ್ಬರಿಂದ ಅದನ್ನು ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದರೆ, ಶಾಲೆಯ ಹಾಜರಿಯಲ್ಲಿ ತಿದ್ದುವ ಕಷ್ಟ ಮಗುವಿನದಾಗುತ್ತದೆ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕಾದರೂ ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದಾದ್ದರಿಂದ ಅವಸರ ಬೇಡ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಪುರಾವೆ ಜನನ ಪ್ರಮಾಣಪತ್ರವೊಂದೇ. ಅದು ಕೈಸೇರಿದ ಕೂಡಲೇ, ಕೌಂಟರಿನ ಮುಂದೆಯೇ ನಿಂತು ಒಂದೊಂದೇ ಅಕ್ಷರ ಓದಿ ನೋಡಿ, ಅದೇ ಸ್ಪೆಲಿಂಗನ್ನು ಆಧಾರ್‌ಗೂ ಕೊಡಿ.