ಎಂಟಾಣೆ ಕೋಣೆ, ರೋಜರ್ ಮಿಲ್ಲರ್ ಮತ್ತು ನಾನು

ಕೆಲಸಕ್ಕೆಂದು ಒಕ್ಲಹೋಮಾ ಸಿಟಿಗೆ ಬಂದ ಮೊದಲ ಚಳಿಗಾಲ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಕಾರಿನ ರೇಡಿಯೊದಲ್ಲಿ ಒಂದು ಹಾಡು ಬಂತು. ಚಿಟಿಕೆಯ ತಾಳ, ನಡೆಯುತ್ತಾ ಬರುವಂಥ ಬಾಸ್ ವಾದ್ಯದ ನಾದ, ಕಟ್ಟೆ ಮೇಲೆ ಕೂತು ಹರಟುವವನಂಥ ದನಿ. ಎರಡು ತಾಸು ಕಸ ಗುಡಿಸಿದರೆ ಎಂಟಕ್ಕೆ ಹನ್ನೆರಡಡಿಯ ಒಂದು ಕೋಣೆ ಸಿಗುತ್ತದೆ, ಬಾಡಿಗೆ 'ಫೋರ್ ಬಿಟ್' ಎನ್ನುತ್ತಿದ್ದ ಹಾಡುವವ. ಕೈಯಲ್ಲಿ ಕಾಸಿಲ್ಲದ ಅಲೆಮಾರಿಯೊಬ್ಬ ತನ್ನನ್ನು ರಾಜನೆಂದು ಕರೆದುಕೊಳ್ಳುವ ಹಾಡು ಅದು: ಅಮೆರಿಕದ ಹಾಡುಗಾರ ರೋಜರ್ ಮಿಲ್ಲರ್ 1965ರಲ್ಲಿ ಹೊರತಂದ 'ಕಿಂಗ್ ಆಫ್ ದಿ ರೋಡ್'.

ಫೋರ್ ಬಿಟ್ ಎಂದರೇನು ಎಂದು ಆಫೀಸಿನಲ್ಲಿ ನಿವೃತ್ತಿಗೆ ಬಂದಿದ್ದ ಹಿರಿಯರೊಬ್ಬರನ್ನು ಕೇಳಿದೆ. ಹಿಂದೆ ಸ್ಪ್ಯಾನಿಷ್ ಡಾಲರನ್ನು ಎಂಟು ಪಾಲು ಮಾಡಿ ಬಳಸುತ್ತಿದ್ದರಂತೆ, ಒಂದು ಪಾಲಿಗೆ ಒಂದು ಬಿಟ್. ಆ ಲೆಕ್ಕ ಹೋದರೂ ಮಾತು ಉಳಿಯಿತು. ಟೂ ಬಿಟ್ ಅಂದರೆ 25 ಸೆಂಟು, ಫೋರ್ ಬಿಟ್ ಅಂದರೆ 50. ನನಗೆ ಮೈ ಜುಮ್ಮೆಂದಿತು. ಆಣೆಯ ಲೆಕ್ಕ ಹೋಗಿ ಎಷ್ಟೋ ವರ್ಷವಾದ ಮೇಲೂ ನಮ್ಮವ್ವ ಐವತ್ತು ಪೈಸೆಗೆ ಎಂಟಾಣೆ ಅಂತಲೇ ಅನ್ನುತ್ತಿದ್ದಳು. ಅಂದರೆ ಅದು ಎಂಟಾಣೆ ಕೋಣೆ! ಆ ಸಂಜೆಯಿಂದ ನಾನು ಮಿಲ್ಲರ್‌ನ ಅಭಿಮಾನಿ.

ನಗಿಸುವ ಹಾಡುಗಾರನ ಅಭಿಮಾನಿಯಾಗುವುದಕ್ಕೆ ಹೊರನಾಡಿನವನು ಹೆಚ್ಚು ದುಡಿಯಬೇಕು. ದುಃಖದ ಹಾಡು ಭಾಷೆ ಅರೆಬರೆ ತಿಳಿದರೂ ಮನಸ್ಸಿಗೆ ಇಳಿಯುತ್ತದೆ. ನಗೆಯ ಹಾಡಿನಲ್ಲಿ ಒಂದು ಪದ ತಪ್ಪಿದರೆ ಎಲ್ಲವೂ ತಪ್ಪಿದಂತೆ. ಅದಕ್ಕೆ ನಾನು ಒಂದು ನೋಟ್‌ಬುಕ್ ಇಟ್ಟೆ. ವಾರಕ್ಕೆ ಒಂದೇ ಹಾಡು. ಮೊದಲು ಮೂರು ದಿನ ಬರೀ ಕೇಳುವುದು, ಆಮೇಲೆ ಕಿವಿಗೆ ಬಿದ್ದಷ್ಟನ್ನು ಬರೆಯುವುದು, ಉಳಿದ ಖಾಲಿ ಜಾಗಗಳನ್ನು ಯಾರನ್ನಾದರೂ ಕೇಳಿ ತುಂಬುವುದು. ಅಂತರ್ಜಾಲದಲ್ಲಿ ಹುಡುಕಿದರೆ ಎರಡು ನಿಮಿಷದ ಕೆಲಸ, ನಿಜ. ಆದರೆ ಜನರನ್ನು ಕೇಳಿದಾಗ ಪದದ ಜೊತೆಗೆ ಅವರ ಬಾಲ್ಯವೂ ಸಿಗುತ್ತಿತ್ತು. 1964ರ 'ಚಗ್-ಎ-ಲಗ್'ನಲ್ಲಿ ಶಾಲೆಯ ಹುಡುಗರು ಹೊಲ ನೋಡಲು ಹೋಗಿ, ಕೊಟ್ಟಿಗೆಯ ಹಿಂದೆ ಬಚ್ಚಿಟ್ಟ ಕಳ್ಳಭಟ್ಟಿಯನ್ನು ಪತ್ತೆ ಮಾಡುತ್ತಾರೆ. ಅಲ್ಲಿ ಬರುವ 'ಎಫ್‌ಎಫ್‌ಎ' ಏನೆಂದು ಕೇಳಿದ್ದಕ್ಕೆ, ನನ್ನ ಪಕ್ಕದ ಮನೆಯ ಅಜ್ಜ ಅದು ರೈತರ ಮಕ್ಕಳ ಸಂಘ ಎಂದು ಹೇಳಿ, ಒಳಗೆ ಹೋಗಿ ತನ್ನ ಹಳೆಯ ನೀಲಿ ಜಾಕೆಟ್ಟನ್ನೇ ತಂದು ತೋರಿಸಿದ.

ನೋಟ್‌ಬುಕ್ಕಿನಲ್ಲಿ ನನಗೆ ಬಹಳ ಇಷ್ಟದ ಪುಟ 'ಮೈ ಅಂಕಲ್ ಯೂಸ್ಡ್ ಟು ಲವ್ ಮಿ ಬಟ್ ಶಿ ಡೈಡ್' ಹಾಡಿನದು. ಇಂಗ್ಲಿಷಿನಲ್ಲಿ ಎಡವಟ್ಟೆಲ್ಲ 'ಶಿ' ಎಂಬ ಒಂದು ಪುಟ್ಟ ಪದದಲ್ಲಿದೆ. ಅರೆಗಳಿಗೆ ಮೈಮರೆತರೆ ಹಾದುಹೋಗಿಬಿಡುತ್ತದೆ. ಕನ್ನಡದಲ್ಲಿ 'ನಮ್ಮ ಮಾಮ ನನ್ನ ಮ್ಯಾಲ ಭಾಳ ಜೀವ ಇಟ್ಟಿದ್ದ, ಆದರ ಸತ್ತುಹೋದಳು' ಎಂದರೆ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. 'ಅವಳು' ಎಂದು ಹೇಳಲೇಬೇಕಾಗಿಲ್ಲ. ವಾಕ್ಯದ ಕಟ್ಟಕಡೆಯ 'ಳು'ವಿನಲ್ಲಿ ನಗು ಕೂತಿರುತ್ತದೆ. ಎರಡು ಭಾಷೆ ಎರಡು ಕಡೆ ನಗಿಸುತ್ತವೆ ಎಂದು ನನಗೆ ಕಲಿಸಿದ್ದು ಈ ಹಾಡು.

ನಾನು ಶಿಗ್ಗಾವಿ ಕಡೆಯವನು. ಶರೀಫಜ್ಜನ ಕೋಳಿ ಕೋಡಗವನ್ನು ನುಂಗುವುದನ್ನು ಭಜನೆಯಲ್ಲಿ ಕೇಳುತ್ತ ಬೆಳೆದವನು. ಕಾಡೆಮ್ಮೆಗಳ ಹಿಂಡಿನಲ್ಲಿ ರೋಲರ್ ಸ್ಕೇಟ್ ಕಟ್ಟಿಕೊಂಡು ಓಡಾಡಲಾಗದು ಎಂದು ಮಿಲ್ಲರ್ ಹಾಡಿದಾಗ ಅದಕ್ಕೇ ನನಗೆ ವಿಚಿತ್ರ ಅನ್ನಿಸಲಿಲ್ಲ. ಶರೀಫರದು ತತ್ವ, ಇವನದು ಆಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಅಸಂಬದ್ಧವನ್ನು ಗಂಭೀರವಾಗಿ ಕೇಳುವ ಕಿವಿಯನ್ನು ನಾನು ಊರಿನಿಂದಲೇ ತಂದಿದ್ದೆ.

ಆಮೇಲೆ ರೆಕಾರ್ಡುಗಳ ಹುಚ್ಚು ಹತ್ತಿತು. ಮಿಲ್ಲರ್‌ನ ಹೆಸರಾದ ಹಾಡುಗಳಲ್ಲಿ ಹೆಚ್ಚಿನವು ಬಂದದ್ದು ಸ್ಮ್ಯಾಶ್ ಎಂಬ ರೆಕಾರ್ಡ್ ಲೇಬಲ್ಲಿನಲ್ಲಿ. ಹಳೇ ಸಾಮಾನಿನ ಸಂತೆಗಳಲ್ಲಿ ಸ್ಮ್ಯಾಶ್‌ನ 45 ಆರ್‌ಪಿಎಂ ಸಣ್ಣ ರೆಕಾರ್ಡುಗಳು ಎರಡು ಮೂರು ಡಾಲರಿಗೆ ಸಿಗುತ್ತಿದ್ದವು. ಕೊಳ್ಳುವ ಮುಂಚೆ ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೆರೆಗಳನ್ನು ನೋಡಬೇಕು. ಉಗುರಿಗೆ ಸಿಗುವ ಗೆರೆಯಿದ್ದರೆ ಬೇಡ. ನಡುವಿನ ತೂತು ದೊಡ್ಡದಾದ್ದರಿಂದ ಅಡಾಪ್ಟರ್ ಬೇಕಾಗುತ್ತದೆ. ಒಂದು ಜುಲೈ ಮಧ್ಯಾಹ್ನ ಆಗಷ್ಟೇ ಕೊಂಡಿದ್ದ 'ಡ್ಯಾಂಗ್ ಮಿ'ಯನ್ನು ಕಾರಿನ ಸೀಟಿನ ಮೇಲೆ ಬಿಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಅದು ಹಪ್ಪಳದಂತೆ ಸೊಟ್ಟಗಾಗಿತ್ತು. ತುಂಬಾ ಸಂಕಟವಾಯಿತು. ಅಂದಿನಿಂದ ಬೇಸಿಗೆಯಲ್ಲಿ ರೆಕಾರ್ಡು ಕೊಂಡರೆ ಸೀದಾ ಮನೆಗೇ ಹೋಗುತ್ತೇನೆ.

ಕೇಳಿದ್ದು ಸಾಲದೆ ಹಾಡಲು ಕಲಿತೆ. ಗಿಟಾರಿನ ಒಂದನೇ ಪಟ್ಟಿಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಎ, ಡಿ, ಇ ಕಾರ್ಡುಗಳನ್ನು ಹಿಡಿದರೆ 'ಕಿಂಗ್ ಆಫ್ ದಿ ರೋಡ್' ಮಿಲ್ಲರ್‌ನ ಶ್ರುತಿಯಲ್ಲೇ ಶುರುವಾಗುತ್ತದೆ. ಮುಂದೆ ಹಾಡು ಅರ್ಧ ಸ್ವರ ಮೇಲೇರುತ್ತದೆ. ಅಲ್ಲಿ ನನಗೆ ಆರು ತಿಂಗಳು ಹಿಡಿಯಿತು. ಅದಕ್ಕಿಂತ ಕಷ್ಟವಾದದ್ದು ಇನ್ನೊಂದಿದೆ: ತಮಾಷೆಯ ಸಾಲಿನ ಮೇಲೆ ಒತ್ತು ಹಾಕಬಾರದು. ಮಿಲ್ಲರ್ ಎಲ್ಲೂ ನಿಂತು 'ನಗಿ' ಎಂದು ಕಾಯುವುದಿಲ್ಲ. ತಾಳದ ಜೊತೆಗೇ ಹೇಳಿ ಮುಂದೆ ಹೋಗಿಬಿಡುತ್ತಾನೆ, ನಗು ನಮ್ಮ ಬೆನ್ನ ಹಿಂದಿನಿಂದ ಬಂದು ಹಿಡಿಯುತ್ತದೆ. ದೀಪಾವಳಿಗೆ ಕನ್ನಡದವರು ಸೇರಿದಾಗ, ಎಂಟಾಣೆಯ ಕಥೆ ಮೊದಲು ಹೇಳಿ ಆಮೇಲೆ ಹಾಡಿದೆ. ಊರಿಂದ ಬಂದಿದ್ದ ಹಿರಿಯರು ಸರಿಯಾಗಿ ಆ ಸಾಲಿಗೇ ನಕ್ಕರು. ಅಷ್ಟು ಸಂತೋಷ ನನಗೆ ಬೇರೆ ಯಾವ ಕಾರ್ಯಕ್ರಮದಲ್ಲೂ ಆಗಿಲ್ಲ.

'ಅವನು ಬರೀ ಕಾಮಿಡಿ ಹಾಡುಗಾರ' ಎಂದು ಯಾರಾದರೂ ಅಂದರೆ ನಾನು ಸುಮ್ಮನಿರುವುದಿಲ್ಲ. 1965 ಮತ್ತು 1966, ಎರಡೇ ವರ್ಷದಲ್ಲಿ 11 ಗ್ರ್ಯಾಮಿ ಪ್ರಶಸ್ತಿ ಗೆದ್ದವನು ಅವನು. 1985ರಲ್ಲಿ 'ಬಿಗ್ ರಿವರ್' ಸಂಗೀತ ನಾಟಕಕ್ಕೆ ಬರೆದ ಹಾಡುಗಳಿಗೆ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. ಪ್ರಶಸ್ತಿಯ ಮಾತು ಹಾಗಿರಲಿ. 'ಹಸ್ಬೆಂಡ್ಸ್ ಅಂಡ್ ವೈವ್ಸ್' ಕೇಳಿ. ಒಡೆದ ಸಂಸಾರಗಳ ಜನರನ್ನು ಅವನು ಯಾರೂ ವಾಸವಿಲ್ಲದ ಮನೆಗಳಿಗೆ ಹೋಲಿಸುತ್ತಾನೆ. ಒಂದೂ ತಮಾಷೆಯಿಲ್ಲ. ಈ ಹಾಡನ್ನು ಬರೆದ ಕೈಯೇ ಕಾಡೆಮ್ಮೆಯ ಹಾಡನ್ನೂ ಬರೆದದ್ದು.

ಅವನು ಹುಟ್ಟಿದ್ದು 1936ರಲ್ಲಿ, ಟೆಕ್ಸಸ್‌ನ ಫೋರ್ಟ್‌ವರ್ತ್‌ನಲ್ಲಿ. ವರ್ಷ ತುಂಬಿದ ಸುಮಾರಿಗೆ ಅಪ್ಪ ತೀರಿಕೊಂಡ. ಮೂರು ಗಂಡುಮಕ್ಕಳನ್ನು ಸಾಕಲಾರದೆ ತಾಯಿ ಅವರನ್ನು ಬೇರೆ ಬೇರೆ ಬಂಧುಗಳಿಗೆ ಒಪ್ಪಿಸಿದಳು. ರೋಜರ್ ಒಕ್ಲಹೋಮಾದ ಎರಿಕ್ ಎಂಬ ಸಣ್ಣ ಊರಿನಲ್ಲಿ ದೊಡ್ಡಪ್ಪ ದೊಡ್ಡಮ್ಮನ ಬಳಿ ಹತ್ತಿ ಬಿಡಿಸುತ್ತ ಬೆಳೆದ. ಹದಿಹರೆಯದಲ್ಲಿ ಆಸೆ ತಡೆಯಲಾರದೆ ಒಂದು ಗಿಟಾರ್ ಕದ್ದ, ಮರುದಿನ ತಾನೇ ಹೋಗಿ ಒಪ್ಪಿಕೊಂಡ, ಜೈಲಿನ ಬದಲು ಸೈನ್ಯ ಸೇರಿ ಕೊರಿಯಾಕ್ಕೆ ಹೋದ. ಹಾಡುಗಾರರ ಊರಾದ ನ್ಯಾಶ್‌ವಿಲ್‌ಗೆ ಬಂದ ಹೊಸದರಲ್ಲಿ ಹೋಟೆಲಿನಲ್ಲಿ ಸಾಮಾನು ಹೊರುತ್ತಿದ್ದ. ಇದೆಲ್ಲ ತಿಳಿದ ಮೇಲೆ ಎಂಟಾಣೆ ಕೋಣೆಯ ಸಾಲು ನನಗೆ ಬೇರೆಯೇ ಆಗಿ ಕೇಳಿಸತೊಡಗಿತು. ಹಾಡಿನ ಅಲೆಮಾರಿ ಸೇದುವುದು ಯಾರೋ ಸೇದಿ ಬಿಟ್ಟ ತುಂಡು ಚುಟ್ಟಗಳನ್ನು. ಅದನ್ನು ಬರೆದವನು 1992ರಲ್ಲಿ, 56ರ ವಯಸ್ಸಿಗೇ, ಶ್ವಾಸಕೋಶ ಮತ್ತು ಗಂಟಲಿನ ಕ್ಯಾನ್ಸರಿನಿಂದ ಹೋದ. ಆ ಸಾಲು ಬಂದಾಗ ಈಗಲೂ ನನ್ನ ಚಿಟಿಕೆ ಒಂದು ಕ್ಷಣ ತಪ್ಪುತ್ತದೆ.

ಅವ್ವ ಇಲ್ಲಿಗೆ ಬಂದಿದ್ದ ವರ್ಷ, ಅಕ್ಟೋಬರಿನಲ್ಲಿ, ಅವಳನ್ನು ಎರಿಕ್‌ಗೆ ಕರೆದುಕೊಂಡು ಹೋದೆ. ಒಕ್ಲಹೋಮಾ ಸಿಟಿಯಿಂದ ಪಶ್ಚಿಮಕ್ಕೆ ಸುಮಾರು 150 ಮೈಲಿ. 2004ರಲ್ಲಿ ಅಲ್ಲಿ ಅವನ ಹೆಸರಿನ ಮ್ಯೂಸಿಯಂ ತೆರೆದಿದ್ದರು, ನಾವು ಹೋಗುವ ಹೊತ್ತಿಗೆ ಅದು ಮುಚ್ಚಿಹೋಗಿತ್ತು. ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತೆವು. ಹಳೆಯ ರೂಟ್ 66 ಹೆದ್ದಾರಿ ಊರೊಳಗೆ ಹಾಯುವಲ್ಲಿ ಅದಕ್ಕೆ ರೋಜರ್ ಮಿಲ್ಲರ್ ಬುಲೆವಾರ್ಡ್ ಎಂದು ಹೆಸರು. ಅದಕ್ಕೆ ಅಡ್ಡ ಹಾಯುವುದು ಶೆಬ್ ವೂಲಿ ಅವೆನ್ಯೂ. ವೂಲಿ ಮಿಲ್ಲರ್‌ನ ಸೋದರ ಸಂಬಂಧಿಯ ಗಂಡ, ಅವನಿಗೆ ಗಿಟಾರ್ ಹಿಡಿಯಲು ಕಲಿಸಿದವ, 1958ರಲ್ಲಿ ತಾನೇ ಒಂದು ನಗೆಹಾಡಿನಿಂದ ದೇಶಕ್ಕೆಲ್ಲ ಗೊತ್ತಾದವ. ಗುರು ಶಿಷ್ಯರ ಹೆಸರಿನ ಬೀದಿಗಳು ಕೂಡುವ ಆ ಮೂಲೆಯಲ್ಲಿ ಅವ್ವನ ಫೋಟೊ ತೆಗೆದೆ.

ಮರಳುವಾಗ ದಾರಿ ಪಕ್ಕ ಹತ್ತಿ ಹೊಲ ಕಂಡಿತು. ಕಾಯಿ ಒಡೆದು ಬೆಳ್ಳಗಾಗಿತ್ತು. ಅವ್ವ ಗಾಡಿ ನಿಲ್ಲಿಸೆಂದಳು. ಹರೆಯದಲ್ಲಿ ಕೂಲಿಗೆ ಹತ್ತಿ ಬಿಡಿಸಿದವಳು ಅವಳು. ಬದಿಯ ಗಿಡವೊಂದರ ಮುಂದೆ ಬಗ್ಗಿ, ಒಡೆದ ಕಾಯಿಯ ಚೂಪಾದ ತುದಿಯನ್ನು ಬೆರಳಿನಿಂದ ಮುಟ್ಟಿದಳು.

'ನೆಲ ಕೆಂಪೈತಿ, ನಮ್ಮದು ಎರಿ. ಆದ್ರ ಚುಚ್ಚೂದು ಹಂಗ ಐತಿ ನೋಡು. ಆ ಹುಡುಗ ಇದನ್ನ ಬಿಡಿಸ್ತಿದ್ನೇನು?'

'ಹೌದವ್ವ, ಇಲ್ಲೇ ಇದೇ ಸೀಮ್ಯಾಗ.'

ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು. ಸೆರಗಿನಿಂದ ಬೆರಳು ಒರೆಸಿಕೊಂಡು, 'ತಮ್ಮಾ, ಆ ಎಂಟಾಣೆ ಹಾಡು ಹಚ್ಚು' ಎಂದಳು.