ಎರೆ ಮಣ್ಣು, ಸವಳು ನೀರು, ಸುಡು ಬಿಸಿಲು: ಕೈತೋಟಕ್ಕೆ ಡಿಸೈನರ್ ಗೊತ್ತುಮಾಡುವ ಬಗೆ

ಮನೆ ಕಟ್ಟಿಸುವವರಿಗೆ ಕೈತೋಟದ ನೆನಪಾಗುವುದು ಗೃಹಪ್ರವೇಶಕ್ಕೆ ಇನ್ನು ತಿಂಗಳಿದೆ ಎನ್ನುವಾಗ. ಮುಹೂರ್ತ ಬೇಸಿಗೆಯಲ್ಲಿದ್ದರಂತೂ ಕೆಲಸ ಕೆಟ್ಟಿತೆಂದೇ ಲೆಕ್ಕ. ಏಪ್ರಿಲ್‌ನಲ್ಲಿ ಲಾರಿಯಿಂದ ಗಿಡ ಇಳಿಯುತ್ತವೆ, ಹುಲ್ಲುಹಾಸು ಹಾಸಿ ಫೋಟೋ ತೆಗೆಯುತ್ತಾರೆ, ಮೇ ಮುಗಿಯುವುದರೊಳಗೆ ಅರ್ಧ ಒಣಗಿರುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ತೋಟದ ಹಣೆಬರಹ ಬರೆಯುವುದು ಮಣ್ಣು ಮತ್ತು ನೀರು. ಇವೆರಡರ ಬಗ್ಗೆ ಕೇಳದೆ ಗಿಡದ ಪಟ್ಟಿ ತೆಗೆಯುವವರಿಗೆ ಕೆಲಸ ಒಪ್ಪಿಸಬೇಡಿ.

ಸರಿಯಾದ ವೇಳಾಪಟ್ಟಿ ಹೀಗಿದೆ: ಜನವರಿ-ಫೆಬ್ರವರಿಯಲ್ಲಿ ಡಿಸೈನರ್ ಜತೆ ಮಾತು, ಮಾರ್ಚ್‌ನಲ್ಲಿ ನಕ್ಷೆ, ಏಪ್ರಿಲ್-ಮೇನಲ್ಲಿ ಮಣ್ಣು, ಪೈಪು, ಕಲ್ಲಿನ ಕೆಲಸ. ಗಿಡ ನೆಡುವುದು ಜೂನ್ ಮಳೆ ಬಿದ್ದು ನೆಲ ತಣಿದ ಮೇಲೆಯೇ. ಮುಹೂರ್ತಕ್ಕೆ ಹಸಿರು ಬೇಕೇ ಬೇಕೆಂದರೆ ಕುಂಡದ ಗಿಡಗಳನ್ನು ತಂದು ಸಾಲಾಗಿ ಇಡಿ.

ಯಾರನ್ನೂ ಕರೆಯುವ ಮೊದಲು

ಮೊದಲು ಮಣ್ಣಿನ ಮಾದರಿ ತೆಗೆಯಿರಿ. ಜಾಗದ ಎಂಟು-ಹತ್ತು ಕಡೆ ಮೇಲಿನ ಕಸ ಸರಿಸಿ, 6 ಇಂಚು ಆಳಕ್ಕೆ ‘ವಿ’ ಆಕಾರದ ತೆಗ್ಗು ತೋಡಿ, ಅಂಚಿನ ಮಣ್ಣು ಕೆರೆದು ಎಲ್ಲವನ್ನೂ ಬೆರೆಸಿ ಅರ್ಧ ಕೆ.ಜಿ. ಉಳಿಸಿಕೊಳ್ಳಿ. ಮರ ನೆಡುವ ಜಾಗದಿಂದ ಎರಡು ಅಡಿ ಆಳದ ಮಾದರಿ ಬೇರೆಯೇ ಇರಲಿ. ಸಿಮೆಂಟ್ ಕಲಸಿದ, ಸುಣ್ಣ ಚೆಲ್ಲಿದ ಜಾಗದ ಮಣ್ಣನ್ನು ಇದರಲ್ಲಿ ಸೇರಿಸಬಾರದು. ಪರೀಕ್ಷೆಯ ಬಗ್ಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ, ಗಂಗಾವತಿ ಅಥವಾ ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ರಸಸಾರ (ಪಿಎಚ್), ಲವಣಾಂಶ (ಇಸಿ), ಸೋಡಿಯಂ ಮೂರನ್ನೂ ಕೇಳಿ ಬರೆಸಿಕೊಳ್ಳಿ. ಪಿಎಚ್ 8.5 ದಾಟಿ ಸೋಡಿಯಂ ಕೂಡ ಹೆಚ್ಚಿದ್ದರೆ ಜಿಪ್ಸಂ ಬೇಕಾಗುತ್ತದೆ. ಎಷ್ಟು ಎನ್ನುವುದನ್ನು ವರದಿ ನೋಡಿಯೇ ಹೇಳಬೇಕು.

ಬೋರಿನ ನೀರನ್ನೂ ಒಂದು ಲೀಟರ್ ಬಾಟಲಿಯಲ್ಲಿ ಕಳಿಸಿ. ಕರಗಿದ ಲವಣ ಲೀಟರಿಗೆ 450 ಮಿ.ಗ್ರಾಂ ಒಳಗಿದ್ದರೆ ನಿಶ್ಚಿಂತೆ. 450ರಿಂದ 2000ದವರೆಗೆ ಗಿಡ ಆರಿಸಿ ನೆಡಬೇಕು, ಅದಕ್ಕೂ ಮೇಲಿದ್ದರೆ ನಿಂಬೆ, ಮಾವು, ಗುಲಾಬಿಯ ಆಸೆ ಬಿಡಬೇಕು. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಉಪ್ಪು ಇನ್ನೂ ಗಟ್ಟಿಯಾಗಿರುತ್ತದೆ. ಅದನ್ನು ಉಳಿತಾಯವೆಂದು ಗಿಡದ ಬುಡಕ್ಕೆ ತಿರುಗಿಸಬೇಡಿ.

ಇನ್ನೊಂದು ಪರೀಕ್ಷೆಗೆ ದುಡ್ಡೇ ಬೇಡ. ಒಂದು ಅಡಿ ಅಗಲ, ಒಂದೂವರೆ ಅಡಿ ಆಳದ ತೆಗ್ಗು ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಸಂಜೆ ಮತ್ತೊಮ್ಮೆ ತುಂಬಿಸಿ. ಬೆಳಿಗ್ಗೆಯೂ ನೀರು ನಿಂತಿದ್ದರೆ ಆ ಜಾಗದಲ್ಲಿ ತೆಗ್ಗು ತೋಡಿ ಗಿಡ ನೆಡುವಂತಿಲ್ಲ. ಮುಕ್ಕಾಲು ಅಡಿಯಿಂದ ಒಂದು ಅಡಿ ಎತ್ತರದ ಮಡಿ ಏರಿಸಿಯೇ ನೆಡಬೇಕು. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಈ ತೊಂದರೆ ಕಡಿಮೆ, ಎರೆ (ಜಿಗುಟು ಕಪ್ಪು ಮಣ್ಣಿನ) ನೆಲದಲ್ಲಿ ಇದೇ ದೊಡ್ಡ ತೊಂದರೆ.

ಯಾರು ಯಾವ ಕೆಲಸಕ್ಕೆ

‘ಲ್ಯಾಂಡ್‌ಸ್ಕೇಪ್ ಡಿಸೈನರ್’ ಎಂದು ಬೋರ್ಡ್ ಹಾಕಿಕೊಳ್ಳಲು ಯಾವ ನೋಂದಣಿಯೂ ಬೇಕಿಲ್ಲ. ‘ಆರ್ಕಿಟೆಕ್ಟ್’ ಎಂಬ ಹೆಸರಿಗೆ ಮಾತ್ರ 1972ರ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ. ಹಾಗಾಗಿ ಬೋರ್ಡ್ ನೋಡಿ ನಿರ್ಧರಿಸಲಾಗದು. ಇಳಿಜಾರು, ಗೋಡೆ, ಕೊಳ, ಎರಡು-ಮೂರು ಮಟ್ಟದ ಅಂಗಳ ಇದ್ದರೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಬೇಕು. 30×40 ಅಥವಾ 40×60 ನಿವೇಶನದ ಮುಂದಿನ ಪಟ್ಟಿಗೂ ಹಿತ್ತಲಿಗೂ ತೋಟಗಾರಿಕೆ ಓದಿ ಈ ಭಾಗದಲ್ಲೇ ಕೆಲಸ ಮಾಡಿದವರು ಸಾಕು. ಮುನಿರಾಬಾದಿನಲ್ಲಿ ತೋಟಗಾರಿಕೆ ಮಹಾವಿದ್ಯಾಲಯವೇ ಇದೆ, ಅಲ್ಲಿ ಓದಿದವರನ್ನು ವಿಚಾರಿಸಬಹುದು. ನಾಲ್ಕು ಗಿಡ, ಒಂದು ಚಪ್ಪರ ಅಷ್ಟೇ ಎಂದರೆ ಒಳ್ಳೆಯ ಮಾಲಿಯೇ ಸಾಕು, ಡಿಸೈನರ್ ಖರ್ಚು ವ್ಯರ್ಥ.

ನರ್ಸರಿಯವರು ‘ಡಿಸೈನ್ ಫ್ರೀ’ ಎನ್ನುತ್ತಾರೆ. ಅವರಿಗೆ ಲಾಭ ಬರುವುದು ಗಿಡದ ಸಂಖ್ಯೆಯಿಂದ. ಎರಡು ಅಡಿ ಅಂತರ ಬೇಕಾದಲ್ಲಿ ಒಂದು ಅಡಿಗೊಂದು ನೆಟ್ಟರೆ ಮೊದಲ ದಿನ ತುಂಬಿ ಕಾಣುತ್ತದೆ, ವರ್ಷದೊಳಗೆ ಒಂದನ್ನೊಂದು ಮುಚ್ಚಿ ರೋಗ ಹಿಡಿಯುತ್ತದೆ. ನಕ್ಷೆಗೆ ಬೇರೆ ಶುಲ್ಕ ಕೊಟ್ಟು, ಆ ನಕ್ಷೆ ಹಿಡಿದು ಇಬ್ಬರು-ಮೂವರಿಂದ ದರ ಕೇಳುವುದೇ ಮೇಲು.

ಹಿಂದಿನ ಕೆಲಸದ ಫೋಟೋ ನೋಡಿ ಮನಸೋಲಬೇಡಿ, ಅವು ನೆಟ್ಟ ವಾರದಲ್ಲಿ ತೆಗೆದವು. ಎರಡು ಬೇಸಿಗೆ ದಾಟಿದ ಎರಡು ತೋಟಗಳ ವಿಳಾಸ ಕೇಳಿ, ಸಾಧ್ಯವಾದರೆ ಮೇ ತಿಂಗಳಲ್ಲೇ ಹೋಗಿ. ಎಲೆಯ ಅಂಚು ಸುಟ್ಟಿದೆಯೇ, ಹಾದಿಯ ಕಲ್ಲು ಎದ್ದಿದೆಯೇ, ಡ್ರಿಪ್ ಪೈಪು ಇನ್ನೂ ಕೆಲಸ ಮಾಡುತ್ತಿದೆಯೇ, ಗಿಡ ಸತ್ತಾಗ ಕರೆದರೆ ಬಂದರೇ ಎಂದು ಮನೆಯವರನ್ನೇ ಕೇಳಿ.

ಮೊದಲ ಭೇಟಿ

ಬಂದವರು ಯಾವ ಕಡೆ ಪಡುವಣ, ಸಂಪು ಎಲ್ಲಿ, ಸೆಪ್ಟಿಕ್ ಟ್ಯಾಂಕ್ ಎಲ್ಲಿ, ದಿನಕ್ಕೆ ಎಷ್ಟು ನೀರು ಕೊಡಬಲ್ಲಿರಿ ಎಂದು ತಾವಾಗಿಯೇ ಕೇಳಬೇಕು. ಮಣ್ಣಿನ ವರದಿ ಮುಂದಿಟ್ಟಾಗ ಅದನ್ನು ಓದಬೇಕು. ಟೇಪು ಹಿಡಿದು ಅಳೆಯದೆ ಮೊಬೈಲಿನಲ್ಲಿ ಚಿತ್ರ ತೋರಿಸುತ್ತ ಹೋದರೆ ಚಹಾ ಕೊಟ್ಟು ಕಳಿಸಿ.

ಹುಲ್ಲುಹಾಸಿನ ಮಾತು ಬಂದಾಗ ನೀರಿನ ಲೆಕ್ಕ ಹಾಕಿಸಿ. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಕನಿಷ್ಠ 5 ಲೀಟರ್ ಹಿಡಿಯಬೇಕು. 200 ಚದರ ಅಡಿಗೆ ಸುಮಾರು 93 ಲೀಟರ್, 1000 ಚದರ ಅಡಿಗೆ 465 ಲೀಟರ್. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಓಣಿಯಲ್ಲಿ 1000 ಚದರ ಅಡಿ ಹಾಸುವುದು ಅನ್ಯಾಯ. 150-200 ಚದರ ಅಡಿ ಇರಲಿ, ಅದೂ ಗರಿಕೆ ಜಾತಿಯ ಹುಲ್ಲು. ಬಿಸಿಲು, ಉಪ್ಪು ಎರಡನ್ನೂ ತಾಳುತ್ತದೆ, ಆದರೆ ಆಗಾಗ ಕತ್ತರಿಸಬೇಕು. ಮೆಕ್ಸಿಕನ್ ಹುಲ್ಲು ನೋಡಲು ಮೆತ್ತಗೆ, ಕತ್ತರಿಸುವ ಕೆಲಸ ಕಡಿಮೆ, ಹರಡುವುದು ನಿಧಾನ.

ಗಿಡದ ಪಟ್ಟಿಯಲ್ಲಿ ಇಕ್ಸೋರಾ, ಗಾರ್ಡೇನಿಯಾ, ಜರೀಗಿಡಗಳೇ ತುಂಬಿದ್ದರೆ ಅದು ತಂಪು ಊರಿನ ಪಟ್ಟಿ. ಸುಣ್ಣದ ಅಂಶವಿರುವ ಎರೆಯಲ್ಲಿ ಕಬ್ಬಿಣಾಂಶ ಬೇರಿಗೆ ಸಿಗುವುದಿಲ್ಲ. ನರ ಮಾತ್ರ ಹಸಿರಾಗಿ ಉಳಿದು ಎಲೆ ಹಳದಿಯಾಗುತ್ತದೆ. ಮಣ್ಣಿಗೆ ಬರಿ ಫೆರಸ್ ಸಲ್ಫೇಟ್ ಹಾಕಿದರೆ ಅದರ ಕಬ್ಬಿಣವೂ ಬೇಗ ಮಣ್ಣಿನಲ್ಲೇ ಕಟ್ಟಿಕೊಳ್ಳುತ್ತದೆ. ಕಾಗದದ ಹೂ, ಕಣಗಿಲೆ, ದೇವಕಣಗಿಲೆ, ಮಲ್ಲಿಗೆ, ದಾಳಿಂಬೆ, ಸೀತಾಫಲ, ನುಗ್ಗೆ, ಕರಿಬೇವು, ಸಪೋಟ ಈ ಬಿಸಿಲಿಗೆ ಒಗ್ಗಿದವು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕಣಗಿಲೆ ಬೇಡ, ಅದರ ಎಲ್ಲ ಭಾಗವೂ ವಿಷ. ಬೇಲಿಗೆ ಕೊನೋಕಾರ್ಪಸ್ ಸೂಚಿಸಿದರೂ ಬೇಡ ಎನ್ನಿ. ಬೇರು ಪೈಪಿಗೆ ನುಗ್ಗುತ್ತದೆ, ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಮನೆಗೆ ತಂಪು ಬೇಕೆಂದರೆ ಪಡುವಣಕ್ಕೆ ಬೇವು ಅಥವಾ ಹೊಂಗೆ. ಆದರೆ ಎರೆ ನೆಲದಲ್ಲಿ ಗೋಡೆಯಿಂದ ಕನಿಷ್ಠ 15 ಅಡಿ ದೂರ. ಮರ ನೀರು ಹೀರಿದಂತೆ ಎರೆ ಕುಗ್ಗುತ್ತದೆ, ಮಳೆಗೆ ಮತ್ತೆ ಉಬ್ಬುತ್ತದೆ. ಪಾಯದ ಪಕ್ಕದಲ್ಲೇ ಹೀಗಾದರೆ ಗೋಡೆ ಬಿರುಕು ಬಿಡುತ್ತದೆ. ಅಷ್ಟು ಜಾಗವಿಲ್ಲದಿದ್ದರೆ ಚಪ್ಪರ ಹಾಕಿ ಮಲ್ಲಿಗೆ ಹಬ್ಬಿಸಿ.

ಕರಾರಿನಲ್ಲಿ ಇರಬೇಕಾದ್ದು

‘ಗಾರ್ಡನ್ ಕೆಲಸ, ಒಟ್ಟು ಇಷ್ಟು ರೂಪಾಯಿ’ ಎಂಬ ಒಂದೇ ಸಾಲಿನ ಚೀಟಿಗೆ ಮುಂಗಡ ಕೊಡಬೇಡಿ. ಪ್ರತಿ ಗಿಡದ ಹೆಸರು (ಸಸ್ಯಶಾಸ್ತ್ರದ ಹೆಸರೂ ಸೇರಿ), ಎತ್ತರ, ಚೀಲದ ಅಳತೆ, ಸಂಖ್ಯೆ, ದರ ಇರಲಿ. ‘ಮೂರು ಅಡಿ ದಾಸವಾಳ’ ಎಂದಷ್ಟೇ ಬರೆದರೆ ಒಂದೇ ಕಡ್ಡಿಯ ಸೊರಗಿದ ಗಿಡವೂ ಮೂರು ಅಡಿಯೇ.

ಮಣ್ಣನ್ನು ಬ್ರಾಸ್ ಲೆಕ್ಕದಲ್ಲಿ ಬರೆಸಿ. ಒಂದು ಬ್ರಾಸ್ ಎಂದರೆ 100 ಘನ ಅಡಿ. 200 ಚದರ ಅಡಿಗೆ ಅರ್ಧ ಅಡಿ ಏರಿಸಲು ಸರಿಯಾಗಿ ಒಂದು ಬ್ರಾಸ್ ಬೇಕು, ಕುಸಿತಕ್ಕೆಂದು ಇನ್ನೊಂದಿಷ್ಟು ಸೇರಿಸಿ. ಬಿಲ್ಲಿನಲ್ಲಿ ನಾಲ್ಕು ಬ್ರಾಸ್ ಇದ್ದರೆ ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು ನಿಮ್ಮದು. ಮಣ್ಣು ಎಲ್ಲಿಂದ ಬರುತ್ತದೆ ಎನ್ನುವುದೂ ಬರಹದಲ್ಲಿರಲಿ. ಕಾಲುವೆ ಕೆಳಗಿನ ಸವಳು-ಜವಳು (ಉಪ್ಪೇರಿ ನೀರು ನಿಲ್ಲುವ) ಗದ್ದೆಯ ಮಣ್ಣು ತಂದು ಹಾಕಿದರೆ ಉಪ್ಪಿನ ಜತೆ ಜೇಕು ಎಂಬ ಕಳೆಯ ಗಡ್ಡೆಯೂ ಬರುತ್ತದೆ. ಜೇಕು ಒಮ್ಮೆ ಹೊಕ್ಕರೆ ವರ್ಷಗಟ್ಟಲೆ ಕೀಳುತ್ತಿರಬೇಕು.

ಹಣದ ಕಂತು ಹೀಗಿದ್ದರೆ ಇಬ್ಬರಿಗೂ ಸಮ: ಮುಂಗಡ ಶೇ 20, ಮಣ್ಣು-ಪೈಪಿನ ಕೆಲಸ ಮುಗಿದು ನೀರು ಬಿಟ್ಟು ನೋಡಿದ ಮೇಲೆ ಶೇ 30, ನೆಟ್ಟ ಮೇಲೆ ಶೇ 30, ತೊಂಬತ್ತು ದಿನದ ನಂತರ ಶೇ 20. ಆ ತೊಂಬತ್ತು ದಿನದಲ್ಲಿ ಸತ್ತ ಗಿಡಕ್ಕೆ ಅದೇ ಅಳತೆಯ ಬದಲಿ ಗಿಡವನ್ನು ಕೂಲಿ ಇಲ್ಲದೆ ನೆಡಬೇಕು ಎಂಬ ಮಾತೂ ಇರಲಿ. ನೀವು ನೀರು ಬಿಡದೆ ಊರಿಗೆ ಹೋಗಿದ್ದರೆ ಆ ಹೊಣೆ ಅವರದಲ್ಲ, ಅದನ್ನೂ ಬರೆದುಕೊಳ್ಳುವುದು ನ್ಯಾಯ.

ಕೆಲಸ ನಡೆಯುವಾಗ ಎದುರಿಗೆ ನಿಂತು ನೋಡಬೇಕಾದ್ದು

ಎಲ್ಲಕ್ಕಿಂತ ಹೆಚ್ಚು ಗಿಡ ಸಾಯುವುದು ತೆಗ್ಗಿನಲ್ಲಿ. ಎರೆಯಲ್ಲಿ 2×2×2 ಅಡಿ ತೋಡಿ, ಒಳಗೆ ಬರಿ ಕೆಂಪು ಮಣ್ಣು-ಮರಳು ತುಂಬಿದರೆ ಅದು ನೆಲದೊಳಗೆ ಹೂತ ಬಕೆಟ್ ಆಗುತ್ತದೆ. ಮಳೆನೀರು ಸಡಿಲ ಮಣ್ಣಿಗೆ ಇಳಿಯುತ್ತದೆ, ಸುತ್ತಲಿನ ಎರೆ ಹೀರುವುದಿಲ್ಲ, ಬೇರು ಕೊಳೆಯುತ್ತದೆ. ಮೇಲೆ ಎಲೆ ಬಾಡಿದ್ದು ಕಂಡು ಮನೆಯವರು ಇನ್ನಷ್ಟು ನೀರು ಹಾಕುತ್ತಾರೆ, ಗಿಡ ಇನ್ನೂ ಬೇಗ ಹೋಗುತ್ತದೆ. ತೋಡಿದ ಅದೇ ಮಣ್ಣಿನ ಮೂರು ಪಾಲಿಗೆ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಒಂದು ಪಾಲು ಬೆರೆಸಿ ತುಂಬಿ, ಗಿಡವನ್ನು ನೆಲಕ್ಕಿಂತ ನಾಲ್ಕು ಇಂಚು ಎತ್ತರದ ದಿಬ್ಬದ ಮೇಲೆ ಕೂರಿಸಬೇಕು. ಹಸಿ ಸಗಣಿ ಹಾಕಿದರೆ ಬೇರು ಸುಡುತ್ತದೆ, ಗೆದ್ದಲೂ ಬರುತ್ತದೆ. ಎರೆಗೆ ಅಷ್ಟಿಷ್ಟು ಮರಳು ಬೆರೆಸಿ ಸಡಿಲಾಯಿತು ಎಂದುಕೊಳ್ಳುವುದೂ ತಪ್ಪು, ಒಣಗಿದಾಗ ಇಟ್ಟಿಗೆಯಾಗುತ್ತದೆ.

ಗಿಡಗಳು ಗೋದಾವರಿ ತೀರದ ಕಡಿಯಂ ನರ್ಸರಿಗಳಿಂದ ಬಂದಿದ್ದರೆ ಇಳಿದ ದಿನವೇ ನೆಡಬೇಡಿ. ಅವು ಬೆಳೆದದ್ದು ತೇವದ ಗಾಳಿಯಲ್ಲಿ. ಶೇ 50ರ ಹಸಿರು ನೆರಳು ಪರದೆಯ ಕೆಳಗೆ ಎರಡು ವಾರ ಇಟ್ಟು, ನಿಧಾನವಾಗಿ ಬಿಸಿಲಿಗೆ ತರಬೇಕು. ಒಂದೆರಡು ಚೀಲ ಬಿಚ್ಚಿ ನೋಡಿ: ಬೇರು ತಳದಲ್ಲಿ ಸುರುಳಿ ಸುತ್ತಿದ್ದರೆ ಹಿಂದಕ್ಕೆ ಕಳಿಸಿ.

ಹಾದಿಗೆ ಎರೆಯ ಮೇಲೆ ನೇರವಾಗಿ ಫರ್ಸಿ ಹಾಸಿದರೆ ಮೊದಲ ಮಳೆಗಾಲದಲ್ಲೇ ಏಳುತ್ತದೆ. ಮುಕ್ಕಾಲು ಅಡಿ ಎರೆ ತೆಗೆದು, ಗರಸು (ಮೊರಂ) ಎರಡು ಪದರವಾಗಿ ಹಾಕಿ, ನೀರು ಹೊಡೆದು ದಮ್ಮಸ್ ಮಾಡಿ (ಬಡಿದು ಗಟ್ಟಿಮಾಡಿ), ಮೇಲೆ ಕಲ್ಲು. ಕರಿ ಕಡಪಕ್ಕಿಂತ ತಿಳಿ ಬಣ್ಣದ ಶಹಾಬಾದ್ ಕಲ್ಲು ಕಾಲಿಗೆ ಕಡಿಮೆ ಸುಡುತ್ತದೆ.

ಡ್ರಿಪ್ ವಿಷಯದಲ್ಲಿ ಒತ್ತಡವನ್ನು ಕೇಳುವವರೇ ಕಡಿಮೆ. ಸಾಮಾನ್ಯ ಡ್ರಿಪ್ಪರಿಗೆ ಒಂದು ಬಾರ್ ಒತ್ತಡ ಬೇಕು, ಅಂದರೆ ಸುಮಾರು 33 ಅಡಿ ಎತ್ತರದ ನೀರು. ಒಂದಂತಸ್ತಿನ ಮನೆಯ ಟ್ಯಾಂಕು ಕೊಡುವುದು ಅದರ ಅರ್ಧವೂ ಇಲ್ಲ. ಸಣ್ಣ ಪಂಪು ಇಡಬೇಕು, ಇಲ್ಲವೇ ಕಡಿಮೆ ಒತ್ತಡದ ಡ್ರಿಪ್ಪರ್ ಹಾಕಬೇಕು. ಪೈಪು ಮುಚ್ಚುವ ಮೊದಲು ಸಾಲಿನ ಕಟ್ಟಕಡೆಯ ಡ್ರಿಪ್ಪರಿನ ಕೆಳಗೆ ಪಾತ್ರೆ ಇಡಿ: ಗಂಟೆಗೆ 4 ಲೀಟರಿನದ್ದಾದರೆ 15 ನಿಮಿಷಕ್ಕೆ ಒಂದು ಲೀಟರ್ ಬರಬೇಕು. ಸವಳು ನೀರಿಗೆ ಫಿಲ್ಟರ್ ಕಡ್ಡಾಯ, ಸಾಲಿನ ತುದಿಯ ಬೂಚು ತಿಂಗಳಿಗೊಮ್ಮೆ ತೆಗೆದು ನೀರು ಹರಿಬಿಡಬೇಕು.

ಕೊನೆಗೆ ಬುಡದ ಸುತ್ತ ಎರಡು-ಮೂರು ಇಂಚು ಶೇಂಗಾ ಸಿಪ್ಪೆ ಅಥವಾ ಒಣ ಎಲೆ ಹರಡಿಸಿ, ಕಾಂಡದಿಂದ ಮೂರು ಇಂಚು ಬಿಟ್ಟು. ಪೈಪು ಎಲ್ಲೆಲ್ಲಿ ಹೋಗಿದೆ ಎಂದು ಮುಚ್ಚುವ ಮೊದಲೇ ಫೋಟೋ ತೆಗೆದುಕೊಳ್ಳಿ. ಯಾವ ವಾಲ್ವ್ ಯಾವ ಸಾಲಿನದು, ಬೇಸಿಗೆಯಲ್ಲಿ ಎಷ್ಟು ನಿಮಿಷ, ಮಳೆಗಾಲದಲ್ಲಿ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆಸಿ ಪಂಪಿನ ಸ್ವಿಚ್ ಬಳಿ ಅಂಟಿಸಿ. ತೊಂಬತ್ತನೆಯ ದಿನ ಪಟ್ಟಿ ಹಿಡಿದು ಅವರೊಂದಿಗೇ ಗಿಡ ಎಣಿಸಿ. ಲೆಕ್ಕ ಸರಿ ಬಂದರೆ ಉಳಿದ ಕಂತನ್ನು ಸತಾಯಿಸದೆ ಅಂದೇ ಕೊಡಿ, ಮುಂದಿನ ಮಾರ್ಚ್‌ನಲ್ಲಿ ನೆರಳು ಪರದೆ ಕಟ್ಟಲು ಒಮ್ಮೆ ಬರಬೇಕೆಂದು ಆಗಲೇ ಹೇಳಿಡಿ.