ಲೆಟರ್‌ಹೆಡ್‌ನಲ್ಲಿದ್ದ ಹದಿನಾಲ್ಕು ಹೆಸರುಗಳು

ಹವಾಮಾನ ಬದಲಾವಣೆಯನ್ನು ಎದುರಿಸುವ ಕೆಲಸಕ್ಕೆ ನುರಿತ ಜನರನ್ನು ತಯಾರು ಮಾಡುವ ಸೇವಾ ಸಂಸ್ಥೆಯೊಂದನ್ನು ಕಟ್ಟಲು ಹೊರಟಾಗ ನಾನು ಮೊದಲು ಮಾಡಿದ್ದು ಲೆಟರ್‌ಹೆಡ್ ತುಂಬಿಸುವ ಕೆಲಸ. ಹದಿನಾಲ್ಕು ಮಂದಿ ಸಲಹೆಗಾರರು: ಹೆಸರಾಂತ ವಿಜ್ಞಾನಿಗಳು, ನಿವೃತ್ತ ಅಧಿಕಾರಿಗಳು, ಸೌರವಿದ್ಯುತ್ ಉದ್ಯಮದಲ್ಲಿ ಪಳಗಿದವರು. ದೇಣಿಗೆ ಕೊಡುವವರು ಆ ಪಟ್ಟಿ ನೋಡಿ ತಲೆದೂಗುತ್ತಿದ್ದರು. ಆ ಹಿರಿಯರ ಮೇಲೆ ನನಗಿದ್ದ ಗೌರವ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಅವರಿಂದ ಏನನ್ನು ಕೇಳಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ.

ಮೊದಲ ತಂಡದಲ್ಲಿ ತರಬೇತಿ ಮುಗಿಸಿದ ಹುಡುಗಿಯೊಬ್ಬಳು ಕಾರ್ಖಾನೆಯೊಂದರ ಸಂದರ್ಶನಕ್ಕೆ ಹೋಗಿ ಬಂದು ನನ್ನೆದುರು ಕುಳಿತಳು. 2015ರ ಪ್ಯಾರಿಸ್ ಒಪ್ಪಂದವನ್ನು ಅವಳು ಸೊಗಸಾಗಿ ವಿವರಿಸಬಲ್ಲಳು. ಅಲ್ಲಿ ಕೇಳಿದ್ದು ಬೇರೆ: ಒಂದು ಟನ್ ಹಬೆ ತಯಾರಿಸಲು ಈ ಬಾಯ್ಲರ್ ಎಷ್ಟು ಇಂಧನ ಉರಿಸುತ್ತಿದೆ, ಎಲ್ಲಿ ಸೋರುತ್ತಿದೆ, ಅಳೆದು ಹೇಳುತ್ತೀರಾ? ಅವಳಿಗೆ ಗೊತ್ತಿರಲಿಲ್ಲ. ನಾವು ಹೇಳಿಕೊಟ್ಟಿರಲಿಲ್ಲ. “ಸರ್, ನಾನು ಕಲಿತದ್ದನ್ನು ಯಾರು ಕೇಳುತ್ತಾರೆ?” ಎಂದಳು.

ಆ ರಾತ್ರಿ ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2022ರ ವರದಿಯನ್ನು ತೆರೆದು, ಹಸಿರುಮನೆ ಅನಿಲಗಳು ಯಾವ ವಲಯದಿಂದ ಎಷ್ಟು ಬರುತ್ತವೆ ಎಂಬ ಲೆಕ್ಕವನ್ನು ನಮ್ಮ ಪಟ್ಟಿಯ ಪಕ್ಕದಲ್ಲಿಟ್ಟುಕೊಂಡೆ. 2019ರಲ್ಲಿ ಜಗತ್ತು ಹೊರಸೂಸಿದ್ದು ಸುಮಾರು 59 ಶತಕೋಟಿ ಟನ್. ಅದರಲ್ಲಿ ಇಂಧನ ಮತ್ತು ವಿದ್ಯುತ್ ಪೂರೈಕೆಯ ಪಾಲು ಶೇ 34, ಕೈಗಾರಿಕೆ ಶೇ 24, ಕೃಷಿ, ಅರಣ್ಯ ಮತ್ತು ಭೂಬಳಕೆ ಶೇ 22, ಸಾರಿಗೆ ಶೇ 15, ಉಳಿದದ್ದು ಕಟ್ಟಡಗಳದ್ದು. ಕೈಗಾರಿಕೆಗಳು ಬಳಸುವ ವಿದ್ಯುತ್ತನ್ನು ಅವುಗಳ ಲೆಕ್ಕಕ್ಕೇ ಸೇರಿಸಿದರೆ ಅವುಗಳ ಪಾಲೂ ಶೇ 34ಕ್ಕೆ ಏರುತ್ತದೆ. ಪ್ರತಿ ವಲಯದ ಮುಂದೆ ನಮ್ಮ ಸಲಹೆಗಾರರ ಹೆಸರು ಬರೆಯುತ್ತಾ ಹೋದೆ. ವಿದ್ಯುತ್ತಿನ ಸಾಲು ತುಂಬಿತು. ಕೈಗಾರಿಕೆ ಮತ್ತು ಕೃಷಿಯ ಮುಂದೆ ಒಂದು ಹೆಸರೂ ಇರಲಿಲ್ಲ. ನಮ್ಮ ಪಠ್ಯದಲ್ಲಿ ಏನೇನು ಇಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಅದನ್ನು ನೋಡಿದಾಗ ಆ ಹುಡುಗಿಯ ಮುಖ ಕಣ್ಣ ಮುಂದೆ ಬಂದು ನನಗೆ ನಿಜಕ್ಕೂ ನೋವಾಯಿತು.

ಆಮೇಲೆ ಹುಡುಕಿದ್ದು ಹೆಸರುಗಳನ್ನಲ್ಲ, ಖಾಲಿ ಸಾಲುಗಳಿಗೆ ಬೇಕಾದ ಕೈಗಳನ್ನು. ಸಿಮೆಂಟ್ ಕಾರ್ಖಾನೆಯಲ್ಲಿ ದೀರ್ಘಕಾಲ ದುಡಿದ ಎಂಜಿನಿಯರ್ ಒಬ್ಬರು ಬಂದರು. ನಮ್ಮ ಪಾಠಗಳನ್ನು ಓದಿ, “ಸುಣ್ಣದ ಕಲ್ಲಿನಿಂದಲೇ ಬರುವ ಇಂಗಾಲದ ಬಗ್ಗೆ ಯಾವ ಪಾಠದಲ್ಲಿ ಹೇಳುತ್ತೀರಿ?” ಎಂದು ಕೇಳಿದರು. ಕುಲುಮೆಗೆ ಶುದ್ಧ ಇಂಧನ ಕೊಟ್ಟರೆ ಸಮಸ್ಯೆ ಮುಗಿಯಿತು ಎಂಬಂತೆ ನಾವು ಬರೆದಿದ್ದೆವು. ಆದರೆ ಸಿಮೆಂಟ್ ತಯಾರಿಕೆಯಲ್ಲಿ ಹೊಮ್ಮುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಕಾದ ಸುಣ್ಣದ ಕಲ್ಲು ಒಡೆಯುವ ರಾಸಾಯನಿಕ ಕ್ರಿಯೆಯಿಂದ. ಇಂಧನ ಯಾವುದಾದರೂ ಅದು ನಿಲ್ಲುವುದಿಲ್ಲ. ಹಾಗೆ ಸುಟ್ಟು ಸಿಗುವ ಗಟ್ಟಿ ಉಂಡೆಗಳ, ಅಂದರೆ ಕ್ಲಿಂಕರ್‌ನ, ಪ್ರಮಾಣವನ್ನು ಸಿಮೆಂಟ್‌ನಲ್ಲಿ ತಗ್ಗಿಸಬೇಕು, ಕಬ್ಬಿಣದ ಊದುಕುಲುಮೆಯ ಕಿಟ್ಟವನ್ನೋ ಸುಟ್ಟ ಜೇಡಿಮಣ್ಣನ್ನೋ ಬೆರೆಸಬೇಕು. ಹಾಗಾದರೆ ಬೇಕಾದವರು ಯಾರು? ವಸ್ತುವಿಜ್ಞಾನ ಬಲ್ಲವರು, ಗುಣಮಟ್ಟ ಪರೀಕ್ಷಿಸುವವರು, ಹೊಸ ಮಿಶ್ರಣವನ್ನು ನಂಬಿ ಬಳಸುವ ಮೇಸ್ತ್ರಿಗಳು. ಒಂದೇ ಪ್ರಶ್ನೆಯಿಂದ ನಮ್ಮ ಮೂರು ತಿಂಗಳ ಪಠ್ಯ ಬದಲಾಯಿತು.

ಕೃಷಿ ವಿಸ್ತರಣಾ ಕಾರ್ಯಕರ್ತೆಯೊಬ್ಬರು ಕಲಿಸಿದ್ದೂ ಇಂಥದ್ದೇ. ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಬರುತ್ತದೆ, ನಡುನಡುವೆ ನೀರು ಬಸಿದರೆ ಕಡಿಮೆಯಾಗುತ್ತದೆ ಎಂಬುದು ನಮಗೆ ಗೊತ್ತಿತ್ತು. ಬಸಿದ ಮೇಲೆ ಮತ್ತೆ ನೀರು ಸಿಗುತ್ತದೆ ಎಂಬ ಭರವಸೆ ರೈತನಿಗೆ ಯಾರು ಕೊಡುತ್ತಾರೆ ಎಂದು ಅವರು ಕೇಳುವವರೆಗೆ, ಕಾಲುವೆ ನಿರ್ವಹಿಸುವವರಿಗೂ ತರಬೇತಿ ಬೇಕೆಂದು ನಮಗೆ ಹೊಳೆದಿರಲಿಲ್ಲ.

ಇನ್ನೊಂದು ತಪ್ಪು ಹೆಚ್ಚು ದುಬಾರಿಯಾಯಿತು. ಆಡಳಿತ ಮಂಡಳಿ ಮತ್ತು ಸಲಹಾ ಮಂಡಳಿಯ ನಡುವಿನ ಗೆರೆಯನ್ನು ನಾನು ಅಳಿಸಿಬಿಟ್ಟಿದ್ದೆ. ಲೆಕ್ಕಪತ್ರ, ಮುಖ್ಯಸ್ಥರ ನೇಮಕ ಮತ್ತು ಮೌಲ್ಯಮಾಪನ, ಕಾನೂನಿನ ಹೊಣೆ, ಇವೆಲ್ಲ ಆಡಳಿತ ಮಂಡಳಿಯವು. ಸಲಹೆಗಾರರಿಗೆ ಮತವೂ ಇಲ್ಲ, ಹೊಣೆಯೂ ಇಲ್ಲ. ಅವರು ನಿರ್ಭಿಡೆಯಿಂದ ಮಾತನಾಡಲು ಸಾಧ್ಯವಾಗುವುದೇ ಅದರಿಂದ. ನಮ್ಮಲ್ಲಿ ದೇಣಿಗೆ ಕೊಟ್ಟ ಕಂಪನಿಯೊಂದರ ಪ್ರತಿನಿಧಿ ಎರಡೂ ಕಡೆ ಕುಳಿತಿದ್ದರು. ಪೂರೈಕೆದಾರರಿಂದ ಹಿಡಿದು ಗ್ರಾಹಕರವರೆಗಿನ ಹೊರಸೂಸುವಿಕೆಯನ್ನು, ಅಂದರೆ ‘ಸ್ಕೋಪ್ 3’ ಅನ್ನು, ಲೆಕ್ಕ ಹಾಕುವ ಪಾಠವನ್ನು ಚಿಕ್ಕದು ಮಾಡಿ ಎಂದು ಅವರು ಒತ್ತಾಯಿಸಿದರು. ಬೇಡ ಎನ್ನಲು ನನಗೆ ಎರಡು ಸಭೆಗಳು ಹಿಡಿದವು. ಪಾಠ ಉಳಿಯಿತು, ದೇಣಿಗೆ ಹೋಯಿತು. ಈಗ ಪಠ್ಯ ಸಮಿತಿಯಲ್ಲಿ ದಾನಿಗಳಿಗೆ ಸ್ಥಾನವಿಲ್ಲ, ಪ್ರತಿಯೊಬ್ಬರೂ ತಮ್ಮ ಹಿತಾಸಕ್ತಿಯನ್ನು ವರ್ಷಕ್ಕೊಮ್ಮೆ ಬರೆದು ಕೊಡಬೇಕು.

ಈಗಿನ ಪದ್ಧತಿ ಸರಳ. ಸಲಹೆಗಾರರ ಅವಧಿ ಎರಡು ವರ್ಷ. ಮೂರು ತಿಂಗಳಿಗೊಮ್ಮೆ ಎರಡು ಗಂಟೆ. ಹದಿನೈದು ದಿನ ಮೊದಲೇ ಒಂದೇ ಒಂದು ಪ್ರಶ್ನೆ, ಲಿಖಿತವಾಗಿ. ಸಭೆಯ ನಂತರ ಯಾವ ಸಲಹೆಯನ್ನು ಪಾಲಿಸಿದೆವು, ಯಾವುದನ್ನು ಬಿಟ್ಟೆವು, ಏಕೆ ಬಿಟ್ಟೆವು ಎಂದು ನಾನೇ ಪತ್ರ ಬರೆಯುತ್ತೇನೆ. ಈ ಪತ್ರ ಶುರುವಾದ ಮೇಲೆ ಯಾರೂ ಸಭೆ ತಪ್ಪಿಸಿಲ್ಲ. ದಿನಗೂಲಿಯ ಮೇಲೆ ಬದುಕುವವರು ಸಲಹೆ ಕೊಡಲು ಬಂದರೆ ಆ ದಿನದ ಕೂಲಿಯನ್ನು ಸಂಸ್ಥೆಯೇ ಕೊಡುತ್ತದೆ. ಇದರ ಬಗ್ಗೆ ಚರ್ಚೆಯೇ ಬೇಡ ಎಂಬುದು ನನ್ನ ಹಠ. ಆಡಳಿತ ಮಂಡಳಿಯ ಎರಡು ಸ್ಥಾನಗಳು ನಮ್ಮಲ್ಲೇ ಕಲಿತು ಹೋದವರಿಗೆ ಮೀಸಲು. ಬಾಯ್ಲರ್ ಪ್ರಶ್ನೆ ಹೊತ್ತು ಬಂದಿದ್ದ ಆ ಹುಡುಗಿ ಈಗ ಅಲ್ಲಿದ್ದಾಳೆ. ನಾನು ಯಾವ ತಿಂಗಳಲ್ಲಿ ಮುಖ್ಯಸ್ಥನ ಸ್ಥಾನ ಬಿಡುತ್ತೇನೆ, ಅಷ್ಟರೊಳಗೆ ಯಾರನ್ನು ತಯಾರು ಮಾಡುತ್ತೇನೆ ಎಂದು ಬರೆಸಿಕೊಂಡವಳೂ ಅವಳೇ.

ಸದ್ಯ ಒಂದು ಸಾಲು ಇನ್ನೂ ಖಾಲಿ ಇದೆ. ಕಾರ್ಮಿಕರಿಗೆ ನ್ಯಾಯಯುತವಾದ ಪರಿವರ್ತನೆ ಎಂಬ ಮಾತು ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೇ ಇದೆ. ಆದರೂ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ದುಡಿದ ಒಬ್ಬರೂ ನಮ್ಮ ಸಲಹೆಗಾರರಲ್ಲಿಲ್ಲ. ಟರ್ಬೈನ್ ನಡೆಸುತ್ತಿದ್ದ ಹಿರಿಯರೊಬ್ಬರನ್ನು ಕಳೆದ ವಾರ ಭೇಟಿಯಾದೆ. ಯೋಚಿಸಲು ಸಮಯ ಬೇಕು ಎಂದಿದ್ದಾರೆ. ಅವರಿಗೆ ಕಳುಹಿಸಿರುವ ಪ್ರಶ್ನೆ ಇದು: ಸ್ಥಾವರ ಮುಚ್ಚುವ ದಿನ ನಿಮ್ಮ ಪಾಳಿಯವರಿಗೆ ಗೊತ್ತಿರುವ ಯಾವ ಕೆಲಸವನ್ನು ನಾವು ಹೊಸದಾಗಿ ಕಲಿಸಬೇಕಾಗಿಲ್ಲ?